ರಕ್ತ ಕಡಿಮೆಯೆಂದರೆ ಕಾರಣವನ್ನೂ ಕೇಳೋಣ

ಸೇಲಂ ಜಿಲ್ಲೆಯ ಕಡಯಂಪಟ್ಟಿಯಲ್ಲಿ ನೆಲೆಸಿರುವ ನಮ್ಮಂಥ ಕನ್ನಡ ಮನೆಗಳಿಗೆ ಕಬ್ಬಿಣ ಹೊಸ ಮಾತಲ್ಲ. ಸೇಲಂ ಪಕ್ಕದ ಕಂಜಮಲೆ ಕಬ್ಬಿಣದ ಅದಿರಿಗೆ ಹೆಸರಾದ ಬೆಟ್ಟ. ಅದರ ಬುಡದಲ್ಲೇ ಉಕ್ಕಿನ ಕಾರ್ಖಾನೆಯೂ ಇದೆ. ಆದರೆ ಬೆಟ್ಟದಲ್ಲಿರುವ ಕಬ್ಬಿಣ ನಮ್ಮ ಮೈಯಲ್ಲಿ ಇರಬೇಕೆಂದೇನೂ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ನೂರಕ್ಕೆ 53 ಮಂದಿಗೆ ರಕ್ತಹೀನತೆ ಇದೆ. ಇದು ಇಷ್ಟು ಸಾಮಾನ್ಯವಾಗಿರುವುದರಿಂದಲೇ ‘ರಕ್ತ ಕಡಿಮೆ’ ಎಂಬ ಮಾತಿಗೆ ಯಾರೂ ಹೆಚ್ಚು ಬೆಲೆ ಕೊಡುವುದಿಲ್ಲ. ಆದರೆ ವಯಸ್ಸಾದವರಲ್ಲಿ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದೆಂಬುದು ನಮ್ಮ ಮನೆಯಲ್ಲೇ ನಮಗೆ ತಿಳಿದುಬಂತು.

ನಮ್ಮ ದೊಡ್ಡಪ್ಪನವರಿಗೆ ಆಗ 64 ವರ್ಷ. ಅಂಗಡಿಯ ಅಟ್ಟ ಹತ್ತಿದರೆ ಏದುಸಿರು, ಎದೆ ಡವಡವ. ಮಾತಿನ ನಡುವೆ ಚೀಲದಿಂದ ಹಸಿ ಅಕ್ಕಿ ತೆಗೆದು ಬಾಯಿಗೆ ಹಾಕಿಕೊಳ್ಳುವ ಹೊಸ ಚಾಳಿ ಬೇರೆ. ಹೊಟ್ಟೆನೋವಿಲ್ಲ, ಮಲದಲ್ಲಿ ಕಣ್ಣಿಗೆ ಕಾಣುವ ರಕ್ತವಿಲ್ಲ. ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 8 ಗ್ರಾಂ. ಗಂಡಸರಿಗೆ 13, ಹೆಂಗಸರಿಗೆ 12ಕ್ಕಿಂತ ಇಳಿದರೆ ರಕ್ತಹೀನತೆ ಎಂದು ಲೆಕ್ಕ. ಬಂದ ನೆಂಟರೆಲ್ಲ, “ಉಪವಾಸ ಸಾಕು ಮಾಡಿ, ರಾತ್ರಿ ಊಟ ಶುರು ಮಾಡಿ” ಎಂದೇ ಹೇಳಿದರು. ದೊಡ್ಡಪ್ಪ ನಕ್ಕು ಸುಮ್ಮನಾದರು. ಮಾತ್ರೆ ನುಂಗಿದರು, ರಕ್ತ ಸ್ವಲ್ಪ ಏರಿ ಮತ್ತೆ ಇಳಿಯಿತು.

ಆಗ ಸೇಲಂನ ವೈದ್ಯರೊಬ್ಬರು ಕೇಳಿದ ಪ್ರಶ್ನೆ ಬಹಳ ಸರಳ: “ನಲವತ್ತು ವರ್ಷದಿಂದ ಇವರ ಊಟ ಇದೇ ಅಲ್ಲವೇ? ಊಟ ಬದಲಾಗಿಲ್ಲ, ರಕ್ತ ಮಾತ್ರ ಇಳಿದಿದೆ. ಹಾಗಾದರೆ ಎಲ್ಲಿಂದ ಸೋರುತ್ತಿದೆ?”

ಈ ಲೆಕ್ಕವನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು. ಆರೋಗ್ಯವಂತರ ಕರುಳು ದಿನಕ್ಕೆ ಹೀರಿಕೊಳ್ಳುವ ಕಬ್ಬಿಣ 1ರಿಂದ 2 ಮಿಲಿಗ್ರಾಂ ಮಾತ್ರ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿದೆ. ದಿನಕ್ಕೆ ಎರಡು ಚಮಚದಷ್ಟು, ಅಂದರೆ 10 ಮಿಲಿಲೀಟರ್ ರಕ್ತ ಸೋರಿದರೆ 5 ಮಿಲಿಗ್ರಾಂ ಕಬ್ಬಿಣ ಹೋಯಿತು. ಆದಾಯಕ್ಕಿಂತ ವೆಚ್ಚ ಹೆಚ್ಚಾದ ಅಂಗಡಿಯಂತೆ ಕೂಡಿಟ್ಟದ್ದೂ ಕರಗುತ್ತದೆ.

ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆ ಬೆಳೆದರೆ ಆಗುವುದು ಇದೇ. ಅಲ್ಲಿ ಕರುಳು ಅಗಲ, ಮಲ ಇನ್ನೂ ನೀರಾಗಿರುತ್ತದೆ. ಆದ್ದರಿಂದ ಬಹುಕಾಲ ತಡೆಯೂ ಇಲ್ಲ, ನೋವೂ ಇಲ್ಲ. ಸೋರಿದ ರಕ್ತ ಮಲದೊಳಗೆ ಬೆರೆತು ಕಣ್ಣಿಗೆ ಬೀಳದು. ಎಡಭಾಗದ ಗಡ್ಡೆಯಾದರೆ ಮಲಬದ್ಧತೆ, ರಕ್ತ ಕಾಣುವುದು ಮುಂತಾದ ಸೂಚನೆಗಳು ಬೇಗ ಬರುತ್ತವೆ. ಬಲಭಾಗದ್ದು ಕೆಲವೊಮ್ಮೆ ಆಯಾಸ ಒಂದನ್ನೇ ತೋರಿಸುತ್ತದೆ. ಆ ಆಯಾಸವನ್ನು ನಾವು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತೇವೆ.

ಆದ್ದರಿಂದಲೇ ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ ಕಂಡರೆ ಜಠರ, ಕರುಳು ಎರಡನ್ನೂ ಪರೀಕ್ಷಿಸಬೇಕೆಂದು ಬ್ರಿಟನ್ನಿನ ಜಠರ-ಕರುಳು ತಜ್ಞರ ಸಂಘ 2021ರ ಮಾರ್ಗಸೂಚಿಯಲ್ಲಿ ಹೇಳಿದೆ. ಹೀಗೆ ಪರೀಕ್ಷೆಗೆ ಬಂದವರಲ್ಲಿ ಹತ್ತಕ್ಕೆ ಸುಮಾರು ಒಬ್ಬರಲ್ಲಿ ಕ್ಯಾನ್ಸರ್ ಸಿಗುತ್ತದೆ. ಉಳಿದವರಲ್ಲಿ ಹುಣ್ಣು, ನೋವಿನ ಮಾತ್ರೆಯ ಪರಿಣಾಮ, ಕೊಕ್ಕೆಹುಳುವಿನಂಥ ಬೇರೆ ಕಾರಣಗಳಿರಬಹುದು. ಹೆದರಬೇಕಾಗಿಲ್ಲ, ಆದರೆ ನೋಡದೆ ಬಿಡಬಾರದು.

ಶಾಕಾಹಾರಿಗಳಾದ ನಾವು ಇನ್ನೊಂದನ್ನು ಗಮನಿಸಬೇಕು. ಕಬ್ಬಿಣ ಕಡಿಮೆಯಾದರೆ ರಕ್ತಕಣ ಚಿಕ್ಕದಾಗುತ್ತದೆ, ಬಿ12 ಕಡಿಮೆಯಾದರೆ ದೊಡ್ಡದಾಗುತ್ತದೆ. ಎರಡೂ ಕೂಡಿದರೆ ಅಳತೆ ಸರಿಯಾಗಿರುವಂತೆ ತೋರಬಹುದು. ಆದ್ದರಿಂದ ಫೆರಿಟಿನ್ ಎಂಬ ರಕ್ತಪರೀಕ್ಷೆಯನ್ನೂ ಮಾಡಿಸಬೇಕು. ಅದು ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ ಹೇಳುತ್ತದೆ. ಉರಿಯೂತ ಅಥವಾ ಗಡ್ಡೆ ಇದ್ದಾಗ ಫೆರಿಟಿನ್ ಸುಳ್ಳಾಗಿ ಏರಬಹುದೆಂಬುದನ್ನು ವೈದ್ಯರು ಗಮನಿಸುತ್ತಾರೆ.

ಮಾತ್ರೆ ಏಕೆ ನಾಟುವುದಿಲ್ಲ ಎಂಬುದಕ್ಕೂ ಉತ್ತರವಿದೆ. ಉರಿಯೂತವಿದ್ದಾಗ ಪಿತ್ತಜನಕಾಂಗವು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಬಿಡುತ್ತದೆ. ಅದು ಕರುಳಿನಿಂದ ಕಬ್ಬಿಣ ರಕ್ತಕ್ಕೆ ಸೇರುವ ಬಾಗಿಲನ್ನೇ ಮುಚ್ಚುತ್ತದೆ. ಅಂಥವರಿಗೆ ಕಬ್ಬಿಣವನ್ನು ಡ್ರಿಪ್ ಮೂಲಕ ಕೊಡುತ್ತಾರೆ. ಕರುಳಿನ ಕ್ಯಾನ್ಸರಿನಿಂದ ರಕ್ತಹೀನರಾದವರಲ್ಲಿ ಮಾತ್ರೆಗಿಂತ ಡ್ರಿಪ್ಪಿನಿಂದ ಹಿಮೋಗ್ಲೋಬಿನ್ ಹೆಚ್ಚು ಏರುವುದು 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಕಂಡಿದೆ. ಆದರೆ ಡ್ರಿಪ್ ಸೋರಿಕೆಯನ್ನು ನಿಲ್ಲಿಸುವುದಿಲ್ಲ, ಮೂಲವನ್ನು ಹುಡುಕಲೇಬೇಕು.

ಮೂಲ ಹುಡುಕಲು ಮಾಡುವ ಕೊಲೊನೋಸ್ಕೋಪಿಗೆ ನಮ್ಮ ಹಿರಿಯರು ಹಿಂಜರಿಯುವುದು ನೋವಿಗಲ್ಲ, ವ್ರತಕ್ಕೆ. ಕರುಳು ಶುದ್ಧಿಗೆ ಔಷಧದ ನೀರನ್ನು ಸಂಜೆ, ರಾತ್ರಿ ಕುಡಿಯಲು ಹೇಳುತ್ತಾರೆ. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದವರು ಏನು ಮಾಡಬೇಕು? ನಾವು ವೈದ್ಯರನ್ನೇ ಕೇಳಿದೆವು. ಪರೀಕ್ಷೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡು ಔಷಧವನ್ನೆಲ್ಲ ಅದೇ ಬೆಳಿಗ್ಗೆ ಕುಡಿಯುವ ಕ್ರಮವೂ ಇದೆ ಎಂದರು. ಸೋಸಿ ಕುದಿಸಿ ಆರಿಸಿದ ನೀರಿನಲ್ಲಿಯೇ ಪುಡಿ ಕಲಸಿಕೊಟ್ಟೆವು. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗಿ ಕರುಳಿಗೆ ಅಂಟುವುದರಿಂದ ಅದನ್ನು ಒಂದು ವಾರ ಮೊದಲೇ ನಿಲ್ಲಿಸಲು ಹೇಳಿದ್ದರು.

ಬಲಭಾಗದಲ್ಲಿ ಗಡ್ಡೆ ಸಿಕ್ಕಿತು. ಬೇರೆಡೆಗೆ ಹರಡಿರಲಿಲ್ಲ. ಮೊದಲು ಡ್ರಿಪ್ ಕೊಟ್ಟು, ಆಮೇಲೆ ಶಸ್ತ್ರಚಿಕಿತ್ಸೆ ಮಾಡಿದರು. ದೊಡ್ಡಪ್ಪ ಚೇತರಿಸಿಕೊಂಡರು; ಹಸಿ ಅಕ್ಕಿಯ ಚಾಳಿ ತಾನಾಗಿಯೇ ಹೋಯಿತು. ವ್ರತವನ್ನು ದೂರಿದ್ದ ನೆಂಟರು ಅದರ ಮಾತೆತ್ತಲಿಲ್ಲ.

ಬಂಧುಗಳೇ, ರಾಗಿ, ಹುರುಳಿ, ಎಳ್ಳು ಉಣ್ಣೋಣ. ಜೊತೆಗೆ ನೆಲ್ಲಿಕಾಯಿ, ನಿಂಬೆ ಇರಲಿ, ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆಗೇ ಕಾಫಿ, ಟೀ ಬೇಡ. ಆದರೆ ಮನೆಯ ಹಿರಿಯರಿಗೆ ‘ರಕ್ತ ಕಡಿಮೆ’ ಎಂದಾಗ ಟಾನಿಕ್ ಬಾಟಲಿಯೊಂದನ್ನೇ ತಂದು ತೃಪ್ತಿಪಡದಿರೋಣ. “ಏಕೆ ಕಡಿಮೆಯಾಯಿತು?” ಎಂದು ವೈದ್ಯರನ್ನು ಕೇಳೋಣ; ಉತ್ತರ ಸಿಗುವವರೆಗೂ ಕೇಳೋಣ.