ಬ್ರೂಕ್ಲಿನ್ ಸೇತುವೆ ಮತ್ತು ಗಾಳಿಯ ಕೋಣೆ

ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮೇಲೆ ನಡೆಯುವವರಿಗೆ ಬೇರೆಯೇ ದಾರಿ ಇದೆ. ಕೆಳಗೆ ಕಾರುಗಳು ಓಡುತ್ತವೆ, ಮೇಲೆ ಮರದ ಹಲಗೆಗಳ ಮೇಲೆ ಜನ ನಡೆಯುತ್ತಾರೆ. ಕಳೆದ ವರ್ಷ ಮಗನ ಮನೆಗೆ ಹೋದಾಗ, ಆರನೇ ಕ್ಲಾಸಿನ ಮೊಮ್ಮಗಳ ಜೊತೆ ನಾನೂ ನಡೆದೆ. ಎರಡು ಭಾರೀ ಕಲ್ಲಿನ ಗೋಪುರಗಳು, ಅವುಗಳಿಂದ ಇಳಿಬಿದ್ದ ಉಕ್ಕಿನ ಹಗ್ಗಗಳು. 1883ರಲ್ಲಿ ತೆರೆದ ಸೇತುವೆ ಇದು.

“ಅಜ್ಜಾ, ನೀರಿನೊಳಗೆ ಅಡಿಪಾಯ ಹೇಗೆ ಹಾಕಿದರು?” ಎಂದಳು ಮೊಮ್ಮಗಳು.

ಮಕ್ಕಳೇ, ಒಂದು ಲೋಟವನ್ನು ಬೋರಲು ಹಿಡಿದು ಬಕೆಟ್ ನೀರಿನಲ್ಲಿ ಅದುಮಿ ನೋಡಿ. ಒಳಗಿನ ಗಾಳಿ ನೀರನ್ನು ತಡೆಯುತ್ತದೆ. ಹಾಗೆಯೇ ಮರದ ದೈತ್ಯ ಪೆಟ್ಟಿಗೆಗಳನ್ನು ಬೋರಲಾಗಿ ನದಿಯ ತಳಕ್ಕೆ ಇಳಿಸಿ, ನೀರು ನುಗ್ಗದಂತೆ ಪಂಪಿನಿಂದ ಗಾಳಿ ತುಂಬಿದರು. ಕಾರ್ಮಿಕರು ಒಳಗಿಳಿದು ಮಣ್ಣು ಅಗೆದರು. ಮ್ಯಾನ್‌ಹಟನ್ ಕಡೆಯ ಪೆಟ್ಟಿಗೆ 78 ಅಡಿ ಆಳಕ್ಕೆ ಹೋಯಿತು.

ಕೆಲಸ ಮುಗಿಸಿ ಬೇಗ ಮೇಲೆ ಬಂದವರಿಗೆ ವಿಪರೀತ ಕೀಲುನೋವು. ಕೆಲವರಿಗೆ ಕಾಲಿನ ಸ್ವಾಧೀನವೇ ತಪ್ಪಿತು, ಕೆಲವರು ಸತ್ತರು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಕೂಡ 1872ರಲ್ಲಿ ಹಾಸಿಗೆ ಹಿಡಿದರು. ಅವರ ಸೂಚನೆಗಳನ್ನು ವರ್ಷಗಟ್ಟಲೆ ಕೆಲಸದ ಜಾಗಕ್ಕೆ ತಲುಪಿಸಿದವರು ಪತ್ನಿ ಎಮಿಲಿ. ಸೇತುವೆಯಲ್ಲಿ ಅವರ ನೆನಪಿನ ಫಲಕವಿದೆ.

ಇದೇಕೆ ಹೀಗಾಯಿತು? ಗೋಲಿ ಸೋಡಾದ ಗೋಲಿ ಒತ್ತಿದೊಡನೆ ಬುಸ್ಸೆಂದು ಗುಳ್ಳೆ ಏಳುತ್ತದಲ್ಲ, ಹಾಗೆ. ಒತ್ತಡ ಹೆಚ್ಚಿದ್ದಾಗ ದ್ರವದಲ್ಲಿ ಅನಿಲ ಹೆಚ್ಚು ಕರಗುತ್ತದೆ. ಒತ್ತಡ ಥಟ್ಟನೆ ಇಳಿದರೆ ಗುಳ್ಳೆಯಾಗಿ ಹೊರಬರುತ್ತದೆ. ಕಾರ್ಮಿಕರ ರಕ್ತದಲ್ಲಿ ಕರಗಿದ್ದ ಸಾರಜನಕ ಹೀಗೇ ಗುಳ್ಳೆಯಾಗುತ್ತಿತ್ತು. 1878ರಲ್ಲಿ ಫ್ರಾನ್ಸಿನ ಪಾಲ್ ಬೆರ್ ಇದನ್ನು ವಿವರಿಸಿದರು.

ಸಂಜೆ ಮಗನ ಮನೆಯಿರುವ ಹೊಬೊಕನ್‌ಗೆ ಮರಳಲು ಹಡ್ಸನ್ ನದಿಯ ಅಡಿಯ ಸುರಂಗದಲ್ಲಿ ರೈಲು ಹಿಡಿದೆವು. ಈ ಕಾಯಿಲೆಗೆ ಮದ್ದು ಸಿಕ್ಕಿದ್ದು ಆ ಸುರಂಗದಲ್ಲೇ! 1889ರ ಸುಮಾರಿಗೆ ಅದನ್ನು ತೋಡುತ್ತಿದ್ದಾಗ ಅರ್ನೆಸ್ಟ್ ಮೋಯರ್ ಎಂಬ ಎಂಜಿನಿಯರ್ ಒಂದು ಕಬ್ಬಿಣದ ಕೋಣೆ ಇರಿಸಿದರು. ಕಾಯಿಲೆ ಬಿದ್ದವರನ್ನು ಅದರೊಳಗೆ ಕೂರಿಸಿ, ಮತ್ತೆ ಒತ್ತಡ ಏರಿಸಿ, ಆಮೇಲೆ ನಿಧಾನವಾಗಿ ಇಳಿಸುತ್ತಿದ್ದರು. ಸಾವು ಬಹಳ ಕಡಿಮೆಯಾಯಿತು.

ಇಂದಿನ ‘ಹೈಪರ್‌ಬಾರಿಕ್ ಆಕ್ಸಿಜನ್’ ಚಿಕಿತ್ಸೆಗೂ ಅಂಥದೇ ಕೋಣೆ. ಒತ್ತಡವನ್ನು ಎರಡು-ಮೂರು ಪಟ್ಟು ಏರಿಸಿ, ಶುದ್ಧ ಆಮ್ಲಜನಕ ಉಸಿರಾಡಲು ಕೊಡುತ್ತಾರೆ. ಎಂದಿನಂತೆ ಕೆಂಪು ರಕ್ತಕಣಗಳು ಹೊರುವುದಲ್ಲದೆ, ರಕ್ತದ ನೀರಿನಂಥ ಭಾಗದಲ್ಲೂ ಆಮ್ಲಜನಕ ಕರಗಿ, ರಕ್ತದ ಹರಿವು ಕಡಿಮೆಯಾದ ಗಾಯಕ್ಕೂ ತಲುಪುತ್ತದೆ. ಸಮುದ್ರದಾಳಕ್ಕೆ ಇಳಿಯುವವರಿಗೆ, ಕಾರ್ಬನ್ ಮಾನಾಕ್ಸೈಡ್ ವಿಷವೇರಿದವರಿಗೆ, ವಿಕಿರಣ ಚಿಕಿತ್ಸೆಯಿಂದ ಗಾಯವಾದವರಿಗೆ, ಕಾಲಿನ ಹುಣ್ಣು ಮಾಯದ ಕೆಲವು ಮಧುಮೇಹಿಗಳಿಗೆ ಇದು ಉಪಯೋಗ.

ನಮ್ಮ ಭಾವನವರ ಕಾಲಿನ ಹೆಬ್ಬೆರಳು ತೆಗೆಯಬೇಕಾದೀತು ಎಂದಿದ್ದರು ಡಾಕ್ಟರು. ಬೆಂಗಳೂರಿನಲ್ಲಿ ಮೂವತ್ತು ದಿನ, ದಿನಕ್ಕೆ ಒಂದೂವರೆ ಗಂಟೆ ಅವರು ಆ ಕೋಣೆಯಲ್ಲಿದ್ದು ಬಂದರು. “ಚಾರ್ಮಾಡಿ ಘಾಟಿ ಇಳಿದ ಹಾಗೆ ಕಿವಿ ಕಟ್ಟುತ್ತೆ, ಅಷ್ಟೇ ಕಣಯ್ಯ” ಎಂದರು. ಜೊತೆಗೆ ಸಕ್ಕರೆಯ ಹತೋಟಿ, ದಿನವೂ ಡ್ರೆಸ್ಸಿಂಗ್. ಬೆರಳು ಉಳಿಯಿತು.

ಹಾಗೆಂದು ಮುಪ್ಪು ಓಡಿಸುತ್ತೇವೆ ಎನ್ನುವ ಜಾಹೀರಾತು ನಂಬಿ ಯಾರೂ ಆ ಕೋಣೆಗೆ ಹೋಗುವುದು ಬೇಡ, ಡಾಕ್ಟರು ಹೇಳಬೇಕು. ಹುಣ್ಣೇ ಆಗದಂತೆ ನೋಡಿಕೊಳ್ಳುವುದು ಇನ್ನೂ ಒಳ್ಳೆಯದು. ಮಕ್ಕಳೇ, ಸಕ್ಕರೆ ಕಾಯಿಲೆಯಿರುವ ನಿಮ್ಮ ಅಜ್ಜ-ಅಜ್ಜಿಗೆ ಬಗ್ಗಿ ನೋಡಲು ಆಗದಿರಬಹುದು, ಗಾಯದ ನೋವೂ ತಿಳಿಯದಿರಬಹುದು. ರಾತ್ರಿ ಮಲಗುವ ಮುನ್ನ ಅವರ ಅಂಗಾಲನ್ನು ಒಮ್ಮೆ ನೀವು ನೋಡಿ.