ಬೋರ್ಡು 215 ಅಂತು, ಮೋಟರು ಸುಟ್ಟಿತು

ಈ ಸಲ ಬರೆಯೋದು ಬೆಳೆ ಬಗ್ಗೆ ಅಲ್ಲ, ಕರೆಂಟಿನ ಬಗ್ಗೆ. ನನ್ನ ತಪ್ಪೂ ಇದರಾಗ ಐತಿ, ಅದನ್ನೂ ಹೇಳ್ತೀನಿ.

ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಐತಿ. ನಮ್ಮ ಕುಷ್ಟಗಿ, ಯಲಬುರ್ಗಾ ಕಡೆ ಬಹಳ ಮಂದಿಗೆ ಬೋರ್‌ವೆಲ್ಲೇ ಗತಿ. ಎರಡು ಫೇಸ್ ನಡುವೆ 415, ಒಂದು ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 240 ವೋಲ್ಟ್ ಇರಬೇಕು. ಒಂದೇ ಟಿಸಿ ಮ್ಯಾಲಿನ ಮೋಟರೆಲ್ಲ ಒಮ್ಮೆಲೇ ಚಾಲೂ ಆದ್ರ ವೋಲ್ಟೇಜ್ ಕುಸೀತೈತಿ. ಆದ್ರ ನೀರೆತ್ತೋ ಭಾರ ಹಂಗೇ ಇರ್ತೈತಲ್ಲ, ಮೋಟರು ಹೆಚ್ಚು ಆಂಪ್ಸ್ ಎಳೀತೈತಿ. ಆಂಪ್ಸ್ ಎರಡು ಪಟ್ಟಾದ್ರ ವೈಂಡಿಂಗಿನ ಕಾವು ನಾಲ್ಕು ಪಟ್ಟು.

ಐಟಿಐ ಮುಗಿಸಿದ ನನ್ನ ಮಗ ವೋಲ್ಟೇಜ್ ತೋರಿಸೋ ಒಂದು ಡಬ್ಬಿ ಮಾಡಿದ. 6 ವೋಲ್ಟಿನ ಸಣ್ಣ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡು, ಒಂದು ಕೆಪಾಸಿಟರ್, ಎರಡು ರೆಸಿಸ್ಟರ್, ಒಂದು ಆರ್ಡುಯಿನೋ ನ್ಯಾನೋ ಬೋರ್ಡು, ಎರಡು ಸಾಲಿನ ಡಿಸ್‌ಪ್ಲೇ. ಒಂದು ಫೇಸಿನ ವೋಲ್ಟೇಜ್ ಅದರ ಮ್ಯಾಲೆ ಬರ್ತಿತ್ತು. 190ರ ಕೆಳಗೆ ಬಂದ್ರ ಮೋಟರು ಬಂದ್ ಮಾಡೋದು ಅಂತ ಮಾತಾಗಿತ್ತು.

ದಾಳಿಂಬರಿ ಬಣ್ಣಕ್ಕೆ ಬರೋ ಹೊತ್ತು. ಡಬ್ಬಿ 215 ತೋರಿಸ್ತಿತ್ತು. ಡಿಸ್‌ಪ್ಲೇ ಸ್ವಲ್ಪ ಮಂಕಾಗಿತ್ತು, ಬಿಸಿಲಿಗೆ ಹಂಗ ಕಾಣ್ತೈತಿ ಅಂದ್ಕೊಂಡು ಬಿಟ್ಟೆ. ತಾಸಿನೊಳಗ ಮೋಟರು ಸುಟ್ಟಿತು. ಸ್ಟಾರ್ಟರ್‌ನ ಓವರ್‌ಲೋಡ್ ರಿಲೇ ಮೊದಲೇ ಕೆಟ್ಟಿತ್ತು, ನಾನೇ ನೇರ ಜೋಡಿಸಿದ್ದೆ. ಆ ತಪ್ಪು ನಂದೇ. ಪೈಪ್ ಎತ್ತಿಸಿ, ರಿವೈಂಡಿಂಗ್ ಮಾಡಿಸಿ ಇಳಿಸೋದ್ರಾಗ ಆರು ದಿನ ಹೋತು. ಒಣಗಿದ ಗಿಡಕ್ಕೆ ಒಮ್ಮೆಲೇ ನೀರು ಬಿಟ್ಟೆ, ಹಣ್ಣು ಸೀಳಿದವು.

ಸಿಟ್ಟಿನ್ಯಾಗ ಮಗನಿಗೆ "ನಿನ್ನ ಆಟಿಕಿ ನಂಬಿ ಹಾಳಾದೆ" ಅಂದೆ. ಅವ ಮಾತಾಡಲಿಲ್ಲ. ಎರಡು ದಿನ ಸ್ಟಾರ್ಟರ್ ಮುಂದ ಮಲ್ಟಿಮೀಟರ್ ಹಿಡಕೊಂಡು ಕುಂತ. ಮೂರನೇ ದಿನ ಕರೆದ: "ಯಪ್ಪಾ, ಇಲ್ಲಿ ನೋಡು." ಮಲ್ಟಿಮೀಟರ್ 172, ಡಬ್ಬಿ 215.

ಕಾರಣ ಇಷ್ಟು. ಬೋರ್ಡು ತನಗ ಬರೋ 5 ವೋಲ್ಟನ್ನೇ ಅಳತೆ ಕೋಲು ಮಾಡ್ಕೊಂಡು, ಅದನ್ನ 1024 ಪಾಲು ಮಾಡಿ ಅಳೀತೈತಿ. ನಾವು ಅದೇ 6 ವೋಲ್ಟಿನ ಟ್ರಾನ್ಸ್‌ಫಾರ್ಮರ್‌ನಿಂದ ಬೋರ್ಡಿಗೂ ಕರೆಂಟ್ ಕೊಟ್ಟಿದ್ವಿ. ಲೈನಿನ ವೋಲ್ಟೇಜ್ ಬಿದ್ದಾಗ ಬೋರ್ಡಿನ 5 ವೋಲ್ಟೂ 4ಕ್ಕ ಇಳೀತು. ಅರಿವಿ ಜೊತಿ ಅಳೆಯೋ ಗಜಾನೂ ಕುಗ್ಗಿದ್ರ ಕಮ್ಮಿ ಆದದ್ದು ಹೆಂಗ ಗೊತ್ತಾಗಬೇಕು? 215ನ್ನ 4ರಿಂದ ಗುಣಿಸಿ 5ರಿಂದ ಭಾಗಿಸ್ರಿ, 172 ಬರ್ತೈತಿ. ಡಿಸ್‌ಪ್ಲೇ ಮಂಕಾಗಿದ್ದೂ ಅದಕ್ಕೇ.

ಈಗ ಎರಡು ಕೆಲಸ ಮಾಡೀವಿ. ಬೋರ್ಡಿಗೆ ಬ್ಯಾರೆ ಮೊಬೈಲ್ ಚಾರ್ಜರ್ ಹಾಕೀವಿ. 100ರಿಂದ 240 ವೋಲ್ಟ್ ಅಂತ ಬರೆದಿರೋ ಒಳ್ಳೇ ಚಾರ್ಜರ್ ಲೈನ್ ಬಿದ್ರೂ 5 ವೋಲ್ಟ್ ಹಿಡಿದಿಡ್ತೈತಿ. ಎರಡನೇದಕ್ಕೆ ಪೈಸೆ ಖರ್ಚಿಲ್ಲ. ನ್ಯಾನೋದ ಚಿಪ್ಪಿನೊಳಗ 1.1 ವೋಲ್ಟಿನ ಒಂದು ಸ್ಥಿರ ಅಳತೆ ಐತಿ. ಪ್ರೋಗ್ರಾಂನಾಗ ಮೊದಲು ಅದನ್ನ ಓದಿಸಬೇಕು. ಬೋರ್ಡಿಗೆ 5 ವೋಲ್ಟ್ ಬರ್ತಿದ್ರ ಸುಮಾರು 225 ಅಂಕಿ, 4ಕ್ಕ ಇಳಿದ್ರ ಸುಮಾರು 281. ಆ ಅಂಕಿಯಿಂದ ಬೋರ್ಡು ತನ್ನ ವೋಲ್ಟೇಜ್ ತಾನೇ ತಿಳಕೊಂಡು ಲೆಕ್ಕ ಸರಿ ಮಾಡ್ತೈತಿ. ಈ 1.1 ಚಿಪ್ಪಿಂದ ಚಿಪ್ಪಿಗೆ ಸ್ವಲ್ಪ ಹೆಚ್ಚುಕಮ್ಮಿ ಇರ್ತೈತಿ, ಮಲ್ಟಿಮೀಟರ್ ಇಟ್ಟು ಒಮ್ಮೆ ಹೊಂದಿಸ್ರಿ.

ಮಾಡೋರಿಗೆ ಮೂರು ಮಾತು. ಲೈನ್ ಕಡೆ ಫ್ಯೂಸ್ ಇರಲಿ, ಆ ಜೋಡಣೆ ವೈರ್‌ಮನ್ ಕಡೆಯಿಂದಲೇ ಮಾಡಿಸ್ರಿ. ಡಬ್ಬಿ ಬರೇ ನೋಡಾಕ, ರಿಲೇ, ಪ್ರಿವೆಂಟರ್ ಮಾತ್ರ ತೆಗೀಬ್ಯಾಡ್ರಿ. ಒಂದು ಫೇಸ್ ನೋಡಿದ್ರ ಉಳಿದೆರಡು ಗೊತ್ತಾಗೋದಿಲ್ಲ, ಮೂರಕ್ಕೂ ಒಂದೊಂದು ಟ್ರಾನ್ಸ್‌ಫಾರ್ಮರ್ ಬೇಕು. ನಮ್ಮದು ಈಗ ಮೂರೂ ತೋರಿಸ್ತೈತಿ.

ಡಬ್ಬಿ ಕಟ್ಟಿದವನೂ ಮಗನೇ, ಅದರ ತಪ್ಪು ಹುಡುಕಿದವನೂ ಮಗನೇ. ಅವತ್ತು ಆಡಿದ ಮಾತು ವಾಪಸ್ ತಗೊಂಡೀನಿ ಅಂತ ಅವಗ ಬಾಯಿಬಿಟ್ಟು ಹೇಳಿಲ್ಲ. ಇಲ್ಲಿ ಬರೀತಿದ್ದೀನಿ, ಓದ್ತಾನ.