ಅಣಬೆ ಮೈಲಿಗೆಯಾದರೆ ಮರ ಉಳಿಯೋದು ಹೇಗೆ?



ಮನುಸ್ಮೃತಿಯ ಐದನೇ ಅಧ್ಯಾಯದಲ್ಲಿ ಊಟದ ಕಟ್ಟಳೆಗಳಿವೆ. ಬೆಳ್ಳುಳ್ಳಿ, ಈರುಳ್ಳಿ ಜೊತೆ ಅಣಬೆಯನ್ನೂ ದ್ವಿಜರು ತಿನ್ನಬಾರದು ಅಂತಿದೆ. ಹೊಲಸಿನಲ್ಲಿ ಹುಟ್ಟಿದ್ದು ಯಾವುದೂ ಬೇಡ ಅನ್ನೋದೂ ಅದೇ ಶ್ಲೋಕದಲ್ಲಿದೆ. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಬಾಬಾಸಾಹೇಬರ ಮುಂದಾಳತ್ವದಲ್ಲಿ ಸುಟ್ಟ ಪುಸ್ತಕ ಇದೇ. ಅದರೊಳಗಿನ ಬುದ್ಧಿ ಮಾತ್ರ ಸುಡಲಿಲ್ಲ. ಚಿಕ್ಕಂದಿನಲ್ಲಿ ನಮ್ಮನ್ನ ‘ನಾಯಿಕೊಡೆ ತಿನ್ನೋರು’ ಅಂತ ಆಡಿಕೊಳ್ತಿದ್ರು.

ಈಗ ಮರ ಕಾಪಾಡೋ ಹೆಸರಲ್ಲೂ ಅದೇ ಬುದ್ಧಿ ಕೆಲಸ ಮಾಡ್ತಿದೆ. ಹಳೇ ಮರದ ಬುಡದಲ್ಲಿ ಅಣಬೆ ಕಂಡ ತಕ್ಷಣ ‘ರೋಗ’ ಅಂತಾರೆ. ಪೊಟರೆಗೆ ಸಿಮೆಂಟ್ ತುಂಬ್ತಾರೆ. ಬಿದ್ದ ದಿಮ್ಮಿ, ಒಣಕೊಂಬೆ, ತರಗೆಲೆ ಎಲ್ಲ ಗುಡಿಸಿ ಬೆಂಕಿ ಹಾಕ್ತಾರೆ. ಆಮೇಲೆ ಬುಡದ ಸುತ್ತ ಕಾಂಕ್ರೀಟ್ ಕಟ್ಟೆ, ಅದರ ಮೇಲೆ ಟೈಲ್ಸ್. ‘ಸ್ವಚ್ಛ’ ಆಯ್ತು.

ಮರದೊಳಗಿನ ಲೆಕ್ಕವೇ ಬೇರೆ. ನೂರಾರು ವರ್ಷದ ಮರದ ಒಳತಿರುಳು ಸತ್ತ ಭಾಗ. ನೀರು ಸಾಗಿಸುವ ಜೀವಂತ ಭಾಗ ಇರೋದು ಹೊರಪದರದಲ್ಲಿ. ಎಷ್ಟೋ ಶಿಲೀಂಧ್ರಗಳು ಆ ಸತ್ತ ತಿರುಳನ್ನು ನಿಧಾನಕ್ಕೆ ತಿಂದು ಅದರ ಸಾರವನ್ನು ಮಣ್ಣಿಗೆ ವಾಪಸ್ ಕೊಡುತ್ತವೆ. ಟೊಳ್ಳಾದ ಮೇಲೂ ಮರ ದಶಕಗಟ್ಟಲೆ ಬದುಕಬಲ್ಲದು. ಆ ಪೊಟರೆ ಇಲ್ಲದಿದ್ರೆ ಮಂಗಟ್ಟೆ ಹಕ್ಕಿಗೆ ಮೊಟ್ಟೆ ಇಡೋಕೆ ಜಾಗವಿಲ್ಲ, ತಾನಾಗಿ ಮರ ಕೊರೆಯೋಕೆ ಅದಕ್ಕೆ ಬರಲ್ಲ. ಸಿಮೆಂಟ್ ತುಂಬಿದರೆ ತೇವ ಒಳಗೇ ನಿಲ್ಲುತ್ತೆ. ಬೇರು ಕೊಳೆಸಿ ಮರ ಉರುಳಿಸುವ ಶಿಲೀಂಧ್ರಗಳೂ ಇವೆ ನಿಜ. ಅದನ್ನು ತಿಳಿದವರು ನೋಡಿ ಹೇಳಲಿ. ಎಲ್ಲಕ್ಕೂ ಒಂದೇ ಹಣೆಪಟ್ಟಿ ಬೇಡ.

ಮಣ್ಣಿನೊಳಗೂ ಹೀಗೇ. ಬೇರಿನ ಜೊತೆ ಬದುಕುವ ಶಿಲೀಂಧ್ರ ಮರಕ್ಕೆ ನೀರು, ರಂಜಕ ತಂದುಕೊಟ್ಟು ಸಕ್ಕರೆ ಪಡೆಯುತ್ತದೆ. ಕರಾವಳಿಯ ಕಲ್ಲಣಬೆ ಈ ಗುಂಪಿನದು. ಮರ ಹೋದರೆ ಅದೂ ಹೋಯ್ತು. ಹುತ್ತದ ಅಣಬೆಯಂತೂ ಗೆದ್ದಲಿನ ಬೆಳೆ. ಒಣಕಟ್ಟಿಗೆ, ತರಗೆಲೆ ತಂದು ಹುತ್ತದೊಳಗೆ ಅದು ಬೇಸಾಯ ಮಾಡುತ್ತೆ. ತರಗೆಲೆ ಸುಟ್ಟುಬಿಟ್ರೆ ಅಣಬೆ ಎಲ್ಲಿಂದ ಬರಬೇಕು?

ನಮ್ಮವ್ವ ಇದನ್ನು ಓದಿ ತಿಳಿದವಳಲ್ಲ. ಗುಡುಗು ಮಳೆಯ ಮಾರನೇ ದಿನ ಯಾವ ಹುತ್ತದ ಹತ್ರ ಹೋಗಬೇಕು ಅಂತ ಅವಳಿಗೆ ಗೊತ್ತು. ಹುತ್ತ ಒಡೆಯಲ್ಲ, ಕೈಯಲ್ಲಿ ಮೆಲ್ಲಗೆ ಎಳೀತಾಳೆ. ಪೂರ್ತಿ ಅರಳಿದ್ದನ್ನು ಅಲ್ಲೇ ಬಿಡ್ತಾಳೆ. ಗುರುತು ಸಿಗದ್ದನ್ನು ಮುಟ್ಟಲ್ಲ. ನೀವೂ ಫೋಟೋ ನೋಡಿ ಅಣಬೆ ಕೀಳಬೇಡಿ. ಕೆಲವು ಅಣಬೆಯ ವಿಷ ಬೇಯಿಸಿದರೂ ಹೋಗಲ್ಲ. ಬೆಳ್ಳಿ ಚಮಚ ಕಪ್ಪಾದರೆ ವಿಷ ಅನ್ನೋ ಪರೀಕ್ಷೆ ಸುಳ್ಳು.

ಈ ತಿಳಿವಳಿಕೆ ಎಲ್ಲಿ ದಾಖಲಾಗಿದೆ? ನಾನು ಆಫೀಸಿನಲ್ಲಿ ಫೈಲು ಬರೆಯೋನು. ಕಾಗದದಲ್ಲಿ ಇಲ್ಲದ್ದು ಸರ್ಕಾರಕ್ಕೆ ಇಲ್ಲವೇ ಇಲ್ಲ ಅನ್ನೋದನ್ನ ದಿನಾ ನೋಡ್ತೀನಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯ್ತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮರ, ಪ್ರಾಣಿ, ಜನರ ತಿಳಿವಳಿಕೆಯನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಯೋದು ಅದರ ಕೆಲಸ. ಸಮಿತಿಯಲ್ಲಿ ಮೂರನೇ ಒಂದು ಭಾಗ ಮಹಿಳೆಯರು, ಶೇ. 18ರಷ್ಟು ಎಸ್ಸಿ-ಎಸ್ಟಿ ಇರಲೇಬೇಕು ಅಂತ 2004ರ ನಿಯಮಗಳಲ್ಲೇ ಬರೆದಿದ್ದರು. ದೇವನಹಳ್ಳಿ ಹತ್ತಿರದ ನಲ್ಲೂರಿನ ಹಳೇ ಹುಣಸೆ ತೋಪು, 54 ಎಕರೆ, 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಗಿದ್ದು ಇದೇ ಕಾಯ್ದೆಯಡಿ. ಅಂದ್ರೆ ಕಾನೂನಿಗೆ ಶಕ್ತಿ ಇದೆ, ಕೇಳೋರು ಬೇಕು.

ಈ ಮಳೆಗಾಲ ಮುಗಿಯೋದರೊಳಗೆ ನಿಮ್ಮ ಪಂಚಾಯ್ತಿಗೆ ಹೋಗಿ. ದಾಖಲಾತಿ ಪುಸ್ತಕ ತೋರಿಸಿ ಅನ್ನಿ. ಸಮಿತಿಯಲ್ಲಿ ನಮ್ಮ ಕೇರಿಯ ಹೆಂಗಸರು ಯಾರಿದ್ದಾರೆ ಕೇಳಿ. ಹಳೇ ಮರ, ಅದರ ಪೊಟರೆ, ಅದರಡಿಯ ಅಣಬೆ ಬರೆದಿದೀರಾ ಕೇಳಿ. ಇಲ್ಲ ಅಂದ್ರೆ ಗ್ರಾಮಸಭೆಯಲ್ಲಿ ಅರ್ಜಿ ಕೊಟ್ಟು ಬರೆಸಿ, ಹೇಳಿದವರ ಹೆಸರು ಹಾಕಿಸಿ. ಯಾವ ಹುತ್ತ, ಎಲ್ಲಿ ಅನ್ನೋ ಗುಟ್ಟನ್ನ ಮಾತ್ರ ಬರೆಸಬೇಡಿ. ಅದು ನಮ್ಮವ್ವಂದಿರ ಹತ್ರಾನೇ ಇರಲಿ.

ಜೈಭೀಮ್.